ಬಡಗಿಯ ಮನೆಯ ಕವಿ

ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದ ಹಳೆಯ ಭಾಗದಲ್ಲಿ, ನೆಕರ್ ನದಿಗೆ ಮುಖಮಾಡಿ, ಮೊನಚು ಮಾಡಿನ ಗೋಪುರವುಳ್ಳ ಹಳದಿ ಮನೆಯೊಂದಿದೆ. ಊರಿನ ಪುರಾತನ ಕೋಟೆಗೋಡೆಯ ಅಡಿಪಾಯದ ಮೇಲೆ ಎದ್ದ ಅದು ಇಂದು ಸಂರಕ್ಷಿತ ಸ್ಮಾರಕ; ಕವಿ ಫ್ರೀಡ್ರಿಖ್ ಹೋಲ್ಡರ್ಲಿನನ ಹೆಸರಿನ ವಸ್ತುಸಂಗ್ರಹಾಲಯ. ಆದರೆ ಕವಿ ಬಾಳಿದ ಮನೆ 1875ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ಕಾಣುವ ಗೋಪುರ ಅನಂತರ ಕಟ್ಟಿದ್ದು. ಆದುದರಿಂದ ಅಲ್ಲಿ ರಕ್ಷಣೆಗೆ ಅರ್ಹವಾದುದು ಕಲ್ಲು ಗಾರೆಗಳಿಗಿಂತ ಹೆಚ್ಚಾಗಿ ಒಬ್ಬ ಬಡಗಿಯ ಔದಾರ್ಯದ ಕಥೆಯೆಂದು ನಾನು ಭಾವಿಸುತ್ತೇನೆ.

ಹೋಲ್ಡರ್ಲಿನ್ ಹುಟ್ಟಿದ್ದು 1770ರಲ್ಲಿ, ಅದೇ ನದಿಯ ದಡದ ಲೌಫೆನ್ ಊರಿನಲ್ಲಿ. ಮಗ ಪಾದ್ರಿಯಾಗಬೇಕೆಂಬುದು ತಾಯಿಯ ಹಂಬಲ. 1788ರಲ್ಲಿ ಟ್ಯೂಬಿಂಗೆನ್ನಿನ ದೈವಶಾಸ್ತ್ರದ ವಿದ್ಯಾಲಯ ಸೇರಿದ. ಹೆಗೆಲ್ ಮತ್ತು ಶೆಲ್ಲಿಂಗ್ ಅಲ್ಲಿ ಅವನ ಸಹಪಾಠಿಗಳು. ಪಾದ್ರಿಯಾಗಲೊಲ್ಲದೆ ಶ್ರೀಮಂತರ ಮನೆಗಳಲ್ಲಿ ಪಾಠ ಹೇಳಿ ಜೀವಿಸಿದ. ಫ್ರಾಂಕ್‌ಫರ್ಟಿನ ಬ್ಯಾಂಕರನೊಬ್ಬನ ಮನೆಯಲ್ಲಿ ಗೃಹಿಣಿ ಸುಸೆಟ್ಟೆಯೊಡನೆ ಬೆಳೆದ ಅನುರಾಗದಿಂದಾಗಿ 1798ರಲ್ಲಿ ಆ ಮನೆ ಬಿಡಬೇಕಾಯಿತು. 1802ರಲ್ಲಿ ಫ್ರಾನ್ಸಿನಿಂದ ಮರಳಿದವನಿಗೆ ಎದುರಾದದ್ದು ಅವಳ ಮರಣವಾರ್ತೆ. ಎರಡು ವರ್ಷಗಳ ಬಳಿಕ ಅವನ ಸೋಫೋಕ್ಲಿಸ್ ಅನುವಾದಗಳು ಹೊರಬಂದಾಗ ಪಂಡಿತರು ನಕ್ಕರು. ಇಂದಿನ ಪಂಡಿತರು ಅವನ್ನೇ ಕೊಂಡಾಡುತ್ತಾರೆ!

1806ರ ಸೆಪ್ಟೆಂಬರಿನಲ್ಲಿ ಅವನನ್ನು ಬಲವಂತವಾಗಿ ಟ್ಯೂಬಿಂಗೆನ್ನಿನ ಚಿಕಿತ್ಸಾಲಯಕ್ಕೆ ಕರೆತಂದರು. 231 ದಿನಗಳ ಬಳಿಕ, ವಾಸಿಯಾಗದ ರೋಗಿ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೊರಕಳುಹಿಸಿದರು. ಆಗ ಕೈಚಾಚಿದವನು ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ. ಹೋಲ್ಡರ್ಲಿನನ ಹಿಪೀರಿಯನ್ ಕಾದಂಬರಿಯನ್ನು ಓದಿ ಮೆಚ್ಚಿದ್ದವನು ಆತ. ಕವಿಗೆ ನದಿಯ ಕಡೆಯ ಕೋಣೆಯನ್ನು ಕೊಟ್ಟ. ಊಟ ವಸತಿಯ ಖರ್ಚನ್ನು ತಾಯಿ ಸಲ್ಲಿಸುತ್ತಿದ್ದಳು, ನಿಜ. ಆದರೆ ಅಂಥ ಸಹನೆಯನ್ನು ಯಾವ ಬಾಡಿಗೆಯೂ ಕೊಳ್ಳಲಾರದು. ಮೂರು ವರ್ಷದ ಅವಧಿ ಮೂವತ್ತಾರಾಗಿ ಬೆಳೆಯಿತು.

ಆ ವರ್ಷಗಳನ್ನು ಶೂನ್ಯವೆಂದು ತಳ್ಳಿಹಾಕುವ ವಿಮರ್ಶಕರೊಡನೆ ನನಗೆ ಸಹಮತವಿಲ್ಲ. ಕವಿ ಪಿಯಾನೊ ನುಡಿಸುತ್ತಿದ್ದ, ಗಂಟೆಗಟ್ಟಲೆ ಶತಪಥ ಹಾಕುತ್ತಿದ್ದ, ಕುತೂಹಲದಿಂದ ಬಂದವರನ್ನು ರಾಜಬಿರುದುಗಳಿಂದ ಸಂಬೋಧಿಸಿ ದೂರವಿಡುತ್ತಿದ್ದ. ಕೇಳಿದವರಿಗೆ ಋತುಗಳ ಮೇಲೆ ಪುಟ್ಟ ಪದ್ಯಗಳನ್ನು ಬರೆದುಕೊಡುತ್ತಿದ್ದ. ಹಲವಕ್ಕೆ ಸ್ಕಾರ್ಡನೆಲ್ಲಿ ಎಂಬ ಅಂಕಿತ. ಕೆಳಗಿನ ತಾರೀಖುಗಳೋ, ಕೆಲವು ಅವನ ಜನನಕ್ಕೂ ಹಿಂದಿನವು, ಒಂದು 1940ರದು! ಹುಚ್ಚನ ಬರಹವೆನ್ನುವವರು ಅವುಗಳ ಛಂದಸ್ಸಿನ ಅಚ್ಚುಕಟ್ಟನ್ನು ಒಮ್ಮೆ ನೋಡಬೇಕು.

1838ರಲ್ಲಿ ತ್ಸಿಮ್ಮರ್ ತೀರಿಕೊಂಡ. ಆರೈಕೆಯ ಹೊಣೆ ಮಗಳು ಲೊಟ್ಟೆಯದಾಯಿತು. ಕನ್ನಡಿಗರಿಗೆ ಪರಿಚಿತನಾದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್ನಿನಲ್ಲಿ, ಕವಿ ಆ ಗೋಪುರದಲ್ಲಿದ್ದ ಕಾಲದಲ್ಲಿಯೇ. ಮೋಗ್ಲಿಂಗನ ಮಂಗಳೂರ ಸಮಾಚಾರ ಹೊರಟದ್ದು 1843ರ ಜುಲೈ 1ರಂದು. ಅದಕ್ಕೆ ಮೂರೂವರೆ ವಾರ ಮೊದಲು, ಜೂನ್ 7ರ ರಾತ್ರಿ, ಕವಿ ಕಣ್ಣುಮುಚ್ಚಿದ್ದ. ಆ ಸಂಜೆಯೂ ಅವನು ಪಿಯಾನೊ ನುಡಿಸಿ, ಮನೆಯವರ ಕೋಣೆಯಲ್ಲಿ ಊಟಮಾಡಿದ್ದ. ಅವನ ತಮ್ಮನಿಗೆ ಸಾವಿನ ಸುದ್ದಿಯನ್ನು ಬರೆದು ತಿಳಿಸಿದವಳು ಲೊಟ್ಟೆಯೇ.