ಕಾಗಿಣಾ ತೀರದ ದೊರೆ ಅಮೋಘವರ್ಷ ನೃಪತುಂಗ

ಉಪಮೆ, ರೂಪಕ, ಪ್ರಾಸ, ಯತಿ, ಗುಣ, ದೋಷ – ಈ ಪದಗಳನ್ನು ನಾವೆಲ್ಲರೂ ಕನ್ನಡ ಪಾಠದಲ್ಲಿ ಓದುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ ಮಾಡಿ ಮರುದಿನ ಮರೆತುಬಿಡುವವರೂ ನಮ್ಮಲ್ಲಿದ್ದಾರೆ. ಆದರೆ ಇವುಗಳನ್ನು ಕನ್ನಡದಲ್ಲಿ ವಿವರಿಸಿದ, ನಮಗೆ ದೊರೆತಿರುವ ಮೊದಲ ಗ್ರಂಥ ನಮ್ಮ ನೆರೆಯ ಆಸ್ಥಾನದಲ್ಲಿಯೇ ಹುಟ್ಟಿತೆಂಬುದು ಎಷ್ಟು ಜನರಿಗೆ ಗೊತ್ತು? ತಾಂಡೂರಿನ ಬಳಿ ಹರಿಯುವ ಕಾಗ್ನಾ ನದಿಯೇ ಮುಂದೆ ಕಾಗಿಣಾ ಎನಿಸಿ ಮಳಖೇಡವನ್ನು ಮುಟ್ಟುತ್ತದೆ. ಕಲಬುರಗಿ ಜಿಲ್ಲೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ದೊರೆ ಅಮೋಘವರ್ಷ ನೃಪತುಂಗ.

ನೃಪತುಂಗನು ಮುಮ್ಮಡಿ ಗೋವಿಂದನ ಮಗ. ತಂದೆ ಉತ್ತರದ ದಂಡಯಾತ್ರೆಯಲ್ಲಿದ್ದಾಗ ಸುಮಾರು 800ರಲ್ಲಿ ನರ್ಮದಾ ತೀರದ ಶ್ರೀಭವನದಲ್ಲಿ ಜನಿಸಿದನು. 814ರಲ್ಲಿ ಪಟ್ಟವೇರಿದಾಗ ಆತನಿನ್ನೂ ಬಾಲಕ. ಬಾಲಕನ ಕೈಯಲ್ಲಿ ರಾಜ್ಯವಿದೆಯೆಂದು ಸಾಮಂತರು ದಂಗೆಯೆದ್ದರು. ಗುಜರಾತಿನ ಶಾಖೆಯ ಕರ್ಕನ ನೆರವಿನಿಂದ 821ರ ಹೊತ್ತಿಗೆ ಸಿಂಹಾಸನ ಮತ್ತೆ ಭದ್ರವಾಯಿತು. ಮುಂದೆ ವೆಂಗಿಯ ಚಾಲುಕ್ಯರೊಡನೆಯೂ ಗಂಗರೊಡನೆಯೂ ಯುದ್ಧಗಳು ನಡೆದವು. ಕೊನೆಗೆ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು, ಹಗೆಯನ್ನು ನಂಟಾಗಿ ಮಾಡಿಕೊಂಡನು. ನಾಡಿಗೊದಗಿದ ವಿಪತ್ತು ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ.

ಕತ್ತಿಗಿಂತ ಲೇಖನಿಗೆ ಹೆಚ್ಚು ಮನ್ನಣೆ ಕೊಟ್ಟ ಅರಸು ಈತ. ಆದಿಪುರಾಣವನ್ನು ಬರೆದ ಜಿನಸೇನಾಚಾರ್ಯರು ಈತನ ಗುರುಗಳು. ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು ತಮ್ಮ ಗ್ರಂಥದಲ್ಲಿ ಈ ದೊರೆಯನ್ನು ಹೊಗಳಿದ್ದಾರೆ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅಮೋಘವೃತ್ತಿಯೆಂದೇ ಹೆಸರಿಟ್ಟನು.

ಇದೇ ಆಸ್ಥಾನದಲ್ಲಿ ಸುಮಾರು 850ರ ವೇಳೆಗೆ ಮೂಡಿದ್ದು ಕವಿರಾಜಮಾರ್ಗ. ಹಿಂದೆ ಇದನ್ನು ನೃಪತುಂಗನ ಕೃತಿಯೆಂದೇ ತಿಳಿಯಲಾಗಿತ್ತು. ಅರಸನ ಸಮ್ಮತಿಯಂತೆ ಶ್ರೀವಿಜಯನು ರಚಿಸಿದನೆಂಬುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದರೂ, ಕನ್ನಡದ ಜಾಯಮಾನವನ್ನು ಇದು ಮರೆಯುವುದಿಲ್ಲ. ಇದರಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ಬರಹದ ದೋಷಗಳನ್ನು, ಎರಡನೆಯದು ಶಬ್ದಾಲಂಕಾರವನ್ನು, ಮೂರನೆಯದು ಅರ್ಥಾಲಂಕಾರವನ್ನು ಕುರಿತದ್ದು. ಬೆದಂಡೆ, ಚತ್ತಾಣ, ಗದ್ಯಕಥೆ ಎಂಬ ಸಾಹಿತ್ಯ ಪ್ರಕಾರಗಳ ಹೆಸರೂ ಇಲ್ಲಿ ಬರುತ್ತವೆ. ದುರ್ವಿನೀತ, ವಿಮಲೋದಯ ಮೊದಲಾದ ಹಿಂದಿನ ಗದ್ಯಕಾರರನ್ನು ಇದು ನೆನೆಯುತ್ತದೆ. ಅವರ ಕನ್ನಡ ಕೃತಿಗಳು ನಮಗೆ ಉಳಿದುಬಂದಿಲ್ಲ. ಹೆಸರು ಉಳಿದದ್ದು ಈ ಗ್ರಂಥದಿಂದ.

ಅಲಂಕಾರವೆಂದರೆ ಬರಿಯ ಒಡವೆಯಲ್ಲ, ತಿಳಿಸುವ ಬಗೆ ಎಂಬುದಕ್ಕೆ ಈ ಗ್ರಂಥದಲ್ಲೇ ನಿದರ್ಶನವಿದೆ. ಕನ್ನಡ ಪದವನ್ನು ಸಂಸ್ಕೃತ ಪದದೊಡನೆ ಸಮಾಸ ಮಾಡುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂಬ ಭಾವ ಅಲ್ಲಿದೆ. ಇಲ್ಲಿ ಸಮಾಸವು ಉಪಮೇಯ, ಹಾಲಿಗೆ ಬಿದ್ದ ಮಜ್ಜಿಗೆ ಉಪಮಾನ, ಕೆಡುವುದು ಸಮಾನಧರ್ಮ, ‘ಅಂತೆ’ ಎಂಬುದು ಉಪಮಾವಾಚಕ. ಲಕ್ಷಣವನ್ನು ಬಾಯಿಪಾಠ ಮಾಡದಿದ್ದರೂ ಒಡೆದ ಹಾಲನ್ನು ಕಂಡವರಿಗೆಲ್ಲ ಇದು ತಿಳಿಯುತ್ತದೆ. ಮೊದಲು ಅನುಭವ, ಆಮೇಲೆ ಅದಕ್ಕೊಂದು ಹೆಸರು. ಕಥಾವಸ್ತು, ಪಾತ್ರ, ಸನ್ನಿವೇಶ ಎಂದು ಇಂದು ನಾವು ಕಲಿಯುವ ಪದಗಳೂ ಹಾಗೆಯೇ. ಅಜ್ಜಿಯ ಕಥೆಯನ್ನು ಕೇಳಿದ ಮಗುವಿಗೆ ಇವು ಮೊದಲೇ ಪರಿಚಿತ. ಶಾಲೆ ಹೆಸರನ್ನು ಮಾತ್ರ ಕೊಡುತ್ತದೆ.

ಕನ್ನಡಿಗರು ವಿಧಿವತ್ತಾಗಿ ಓದದಿದ್ದರೂ ಕಾವ್ಯವನ್ನು ಬಲ್ಲವರು ಎಂಬ ಹೆಮ್ಮೆ ಈ ಗ್ರಂಥಕ್ಕಿದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಅದು ಕನ್ನಡನಾಡೆಂದು ಕರೆದಿದೆ. ನಾರಾಯಣಖೇಡ, ಜಹೀರಾಬಾದ್ ಸೀಮೆಯ ಮಂಜೀರಾ ಸೇರುವುದು ಆ ಗೋದಾವರಿಯನ್ನೇ. ರಾಜ್ಯಗಳ ಗಡಿ ಅನೇಕ ಸಲ ಬದಲಾಗಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಉರ್ದು ಆಡುವ ನಮ್ಮ ಮಕ್ಕಳು ತಾವು ಕನ್ನಡದ ಅಂಚಿನಲ್ಲಿ ಇದ್ದೇವೆಂದು ಕುಗ್ಗಬೇಕಾಗಿಲ್ಲ. ಸಾಹಿತ್ಯವನ್ನು ಅಳೆಯುವ ಕೋಲು ಕನ್ನಡಕ್ಕೆ ದೊರೆತದ್ದು ಈ ಸೀಮೆಯಲ್ಲಿಯೇ.

ಅರುವತ್ತನಾಲ್ಕು ವರ್ಷ ಆಳಿ ನೃಪತುಂಗನು 878ರಲ್ಲಿ ತೀರಿಕೊಂಡನು. ಮಾನ್ಯಖೇಟದಲ್ಲಿ ಇಂದು ಉಳಿದಿರುವುದು ಕೋಟೆಯ ಅವಶೇಷ ಮತ್ತು ಹಳೆಯ ಬಸದಿ. ಪಾಲಕರು ಬಿಡುವಾದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ವಿದ್ಯಾರ್ಥಿಗಳು ಮುಂದಿನ ಸಲ ಉಪಮೆಯ ಲಕ್ಷಣವನ್ನು ಬರೆಯುವಾಗ, ಪುಸ್ತಕದ ಉದಾಹರಣೆಯ ಜೊತೆಗೆ ತಮ್ಮ ಮನೆಯ ಮಾತಿನಿಂದಲೂ ಒಂದನ್ನು ಹುಡುಕಿ ಬರೆಯಲಿ. ಆ ದೊರೆಗೆ ನಾವು ಸಲ್ಲಿಸಬಹುದಾದ ಗೌರವ ಅದೇ.