ಟೆಂಟಿನಲ್ಲಿ ಕಲಿತು ಭೂತಗಳಿಗೆ ಗಡಿ ದಾಟಿಸಿದ ವಿಠಲಾಚಾರ್ಯ

ತೆಲುಗು ಚಿತ್ರರಸಿಕರು ಜಾನಪದ ಬ್ರಹ್ಮನೆಂದು ಕೊಂಡಾಡಿದ ನಿರ್ದೇಶಕ ಬಿ. ವಿಠಲಾಚಾರ್ಯ ಕರ್ನಾಟಕದವರು. ಅವರಿಗೆ ಸಿನಿಮಾದ ಅಕ್ಷರಾಭ್ಯಾಸವಾದದ್ದು ಹಾಸನ ಜಿಲ್ಲೆಯ ಟೂರಿಂಗ್ ಟೆಂಟಿನಲ್ಲಿ. ಈ ಎರಡು ಸಂಗತಿಗಳನ್ನು ಕನ್ನಡಿಗರೇ ಬಹುಮಟ್ಟಿಗೆ ಮರೆತಿದ್ದಾರೆ.

1920ರಲ್ಲಿ ಉಡುಪಿ ಬಳಿಯ ಉದ್ಯಾವರದಲ್ಲಿ ಜನಿಸಿದ ವಿಠಲಾಚಾರ್ಯರು ಮೂರನೆಯ ತರಗತಿಗೇ ಶಾಲೆ ಬಿಟ್ಟು, ಬಾಲ್ಯದಲ್ಲೇ ಮನೆ ತೊರೆದು ಅರಸೀಕೆರೆ ಸೇರಿದರು. ಸಿಕ್ಕ ಕೆಲಸಗಳನ್ನೆಲ್ಲ ಮಾಡಿ, ಮುಂದೆ ಅಲ್ಲಿಯೇ ಹೋಟೆಲು ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆವಾಸವನ್ನೂ ಕಂಡರು. ಬಳಿಕ ಗೆಳೆಯ ಡಿ. ಶಂಕರ್ ಸಿಂಗ್ ಅವರೊಡನೆ ಟೂರಿಂಗ್ ಟಾಕೀಸ್ ಆರಂಭಿಸಿದರು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗರಿಗೆ ಆ ಕಾಲದಲ್ಲಿ ಸಿನಿಮಾ ಎಂದರೆ ಟೆಂಟೇ. ಮುಂದೆ ನೆಲದ ಮೇಲೆ ಕುಳಿತವರು ಎಲ್ಲಿ ಶಿಳ್ಳೆ ಹೊಡೆಯುತ್ತಾರೆ, ಎಲ್ಲಿ ಆಕಳಿಸಿ ಬೀಡಿ ಸೇದಲು ಎದ್ದು ಹೋಗುತ್ತಾರೆ ಎಂಬುದು ಟೆಂಟಿನ ಮಾಲೀಕನಿಗೆ ಕಣ್ಣೆದುರೇ ಕಾಣುತ್ತಿತ್ತು. ತಮ್ಮ ಟೆಂಟಿಗೆ ಬಂದ ಪ್ರತಿಯೊಂದು ಚಿತ್ರವನ್ನೂ ವಿಠಲಾಚಾರ್ಯರು ನೋಡಿದರು. ಅದಕ್ಕಿಂತ ದೊಡ್ಡ ಪಾಠಶಾಲೆ ಅವರಿಗೆ ದೊರೆಯುವಂತಿರಲಿಲ್ಲ.

ಮುಂದೆ ಇಬ್ಬರೂ ಮೈಸೂರಿಗೆ ತೆರಳಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. 1949ರಲ್ಲಿ ನಾಗಕನ್ನಿಕಾ, 1951ರಲ್ಲಿ ಹರಿಣಿ ಅಭಿನಯದ ಜಗನ್ಮೋಹಿನಿ ಬಂದವು. 1952ರ ಶ್ರೀ ಶ್ರೀನಿವಾಸ ಕಲ್ಯಾಣದ ಮೂಲಕ ವಿಠಲಾಚಾರ್ಯರು ನಿರ್ದೇಶಕರಾದರು. ಮರುವರ್ಷ ಸ್ವಂತ ಸಂಸ್ಥೆ ಸ್ಥಾಪಿಸಿ, ಮದರಾಸಿನತ್ತ ಮುಖ ಮಾಡಿದರು. ಕನ್ನಡ ಚಿತ್ರಗಳ ಮಾರುಕಟ್ಟೆ ಆಗ ಚಿಕ್ಕದು, ತೆಲುಗಿನದು ಅದಕ್ಕಿಂತ ಬಹು ದೊಡ್ಡದು. 1963ರಲ್ಲಿ ಕನ್ನಡದಲ್ಲಿ ರಾಜ್‌ಕುಮಾರ್ ಅವರ ವೀರಕೇಸರಿ, ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರ ಬಂದಿಪೋಟು ಎಂದು ಒಂದೇ ಕಥೆಯನ್ನು ಎರಡು ಭಾಷೆಗೆ ಒಗ್ಗಿಸಿದರು. ವೀರಕೇಸರಿಯ ಹಾಡು ಇಂದಿಗೂ ಕನ್ನಡಿಗರ ನಾಲಿಗೆಯ ಮೇಲಿದೆ. ನಿರ್ದೇಶಕರ ಹೆಸರು ಮಾತ್ರ ಇಲ್ಲ.

ವಿಚಿತ್ರ ಜೀವಿಗಳ ಚಿತ್ರ ಭಾಷೆಯ ಗಡಿ ದಾಟುವುದು ಎಲ್ಲೆಡೆ ಸುಗಮವಾಗಿರಲಿಲ್ಲ. ಜಪಾನಿನ ತೊಹೊ ಸಂಸ್ಥೆ 1954ರಲ್ಲಿ ಗಾಡ್ಜಿಲ್ಲಾ ಎಂಬ ದೈತ್ಯ ಪ್ರಾಣಿಯನ್ನು ತೆರೆಗೆ ತಂದು, ಆರು ತಿಂಗಳೊಳಗೆ ಎರಡನೆಯ ಚಿತ್ರವನ್ನೂ ಬಿಡುಗಡೆ ಮಾಡಿತು. ಅದು ಅಮೆರಿಕ ತಲುಪಿದ್ದು 1959ರಲ್ಲಿ. ಅಷ್ಟರಲ್ಲಿ ದೈತ್ಯನ ಹೆಸರೇ ಬದಲಾಗಿ ಜೈಗ್ಯಾಂಟಿಸ್ ಆಗಿತ್ತು! ಮೊದಲ ಚಿತ್ರದ ಕೀರ್ತಿ ಎರಡನೆಯದರ ನೆರವಿಗೆ ಬರಲಿಲ್ಲ. ಜಪಾನೀಯರಲ್ಲಿ ರಬ್ಬರ್ ದಿರಿಸು ತೊಟ್ಟ ನಟ, ಅವನು ತುಳಿದು ಕೆಡಹಲು ಪುಟ್ಟ ನಗರದ ಮಾದರಿಗಳಿದ್ದವು. ವಿಠಲಾಚಾರ್ಯರ ಬಳಿ ಇದ್ದದ್ದು ಕಡಿಮೆ ಹಣ, ಕ್ಯಾಮೆರಾದ ಕೈಚಳಕ, ಕುಣಿಯುವ ಅಸ್ಥಿಪಂಜರಗಳು. ಕಾಲ್‌ಶೀಟ್ ಕೊಡಲು ಸತಾಯಿಸಿದ ನಟನನ್ನು ಮಾಂತ್ರಿಕನ ಶಾಪದಿಂದ ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರೀಕರಣ ಮುಗಿಸುತ್ತಿದ್ದರೆಂಬ ಕಥೆ ಚಿತ್ರರಂಗದಲ್ಲಿ ಪ್ರಚಲಿತವಾಗಿತ್ತು. ನಿಜವೋ ಸುಳ್ಳೋ, ಅವರ ಮಿತವ್ಯಯಕ್ಕೆ ಇದಕ್ಕಿಂತ ಒಪ್ಪುವ ಕಥೆ ಬೇರೊಂದಿಲ್ಲ.

ತಮ್ಮ ಮೋಹಿನಿಯ ಹೆಸರನ್ನು ಮಾತ್ರ ಅವರು ಬಿಡಲಿಲ್ಲ. ಮಹಾತ್ಮ ಕಾಲದ ಜಗನ್ಮೋಹಿನಿ ಎಂಬ ಹೆಸರನ್ನೇ 1978ರ ತೆಲುಗು ಚಿತ್ರಕ್ಕೂ ಇಟ್ಟರು. ಸೌದೆಯ ಬದಲು ತನ್ನ ಕಾಲನ್ನೇ ಒಲೆಗೆ ಒಡ್ಡಿ ಅಡುಗೆ ಮಾಡುವ ಜಯಮಾಲಿನಿಯ ದೆವ್ವವನ್ನು ಕಂಡು ಪ್ರೇಕ್ಷಕರು ಹೆದರಿದರು, ನಕ್ಕರು, ಮತ್ತೆ ಟಿಕೆಟ್ ಕೊಂಡರು. ತಮಿಳಿಗೆ ಡಬ್ ಆದಾಗ ಅಲ್ಲಿಯೂ ಚಿತ್ರ ಯಶಸ್ವಿಯಾಯಿತು.

ವಿಠಲಾಚಾರ್ಯರು 1999ರ ಮೇ 28ರಂದು ನಿಧನರಾದರು. ಹತ್ತು ವರ್ಷಗಳ ಬಳಿಕ, 2009ರಲ್ಲಿ, ತಮಿಳಿನವರು ನಮಿತಾ ಅವರನ್ನು ನಾಯಕಿಯಾಗಿಸಿ ಜಗನ್ಮೋಹಿನಿಯನ್ನು ಮತ್ತೆ ತೆರೆಗೆ ತಂದರು.