ದಿನಚರಿಯ ದರ್ಪಣದಲ್ಲಿ ಟಾಲ್‌ಸ್ಟಾಯ್

ಮಹಾತ್ಮ ಗಾಂಧೀಜಿಯವರು ತಮ್ಮ ಬಾಳಿನ ಮೇಲೆ ಅಚ್ಚಳಿಯದ ಪ್ರಭಾವ ಬೀರಿದ ಆಧುನಿಕರೆಂದು ಮೂವರನ್ನು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಅವರಲ್ಲಿ ಮೊದಲಿಗರು ಶ್ರೀಮದ್ ರಾಜಚಂದ್ರರು. ಇನ್ನಿಬ್ಬರು ರಷ್ಯದ ಲಿಯೋ ಟಾಲ್‌ಸ್ಟಾಯ್ ಮತ್ತು ಇಂಗ್ಲೆಂಡಿನ ಜಾನ್ ರಸ್ಕಿನ್. ರಾಜಚಂದ್ರರ ಹೆಸರು ಜೈನ ಮನೆಗಳಿಗೆ ಹೊಸದಲ್ಲ. ಟಾಲ್‌ಸ್ಟಾಯ್ ಅವರನ್ನು ಲೋಕವು ಮಹಾಕಾದಂಬರಿಕಾರರೆಂದು ಬಲ್ಲುದು. ಆದರೆ ಹದಿನೆಂಟನೆಯ ವಯಸ್ಸಿನಿಂದ ಎಂಬತ್ತೆರಡನೆಯ ವಯಸ್ಸಿನವರೆಗೆ, ನಡುನಡುವೆ ಕೈಬಿಟ್ಟರೂ ಮತ್ತೆ ಮತ್ತೆ ಹಿಡಿದು, ಅವರು ಸ್ವಹಸ್ತದಿಂದ ಬರೆದಿಟ್ಟ ದಿನಚರಿಯ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ವ್ರತನಿಯಮಗಳನ್ನು ಕೈಕೊಂಡು, ಜಾರಿ, ಮತ್ತೆ ನಿಲ್ಲಲು ಯತ್ನಿಸುವವರಿಗೆ ಅವರ ಕಾದಂಬರಿಗಳಿಗಿಂತ ಈ ದಿನಚರಿಯ ಕಥೆಯೇ ಹೆಚ್ಚು ಸಮೀಪವಾದುದು.

ಟಾಲ್‌ಸ್ಟಾಯ್ 1828ರಲ್ಲಿ ರಷ್ಯದ ತೂಲಾ ಪ್ರಾಂತದ ಯಾಸ್ನಾಯಾ ಪೊಲ್ಯಾನಾ ಎಂಬಲ್ಲಿ ಶ್ರೀಮಂತ ಜಮೀನುದಾರ ಮನೆತನದಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನೂ, ಎಂಟನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡರು. ಬಂಧುಗಳ ಆಶ್ರಯದಲ್ಲಿ ಬೆಳೆದು 1844ರಲ್ಲಿ ಕಜಾನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ವಿದ್ಯೆಗಿಂತ ವಿಲಾಸವೇ ಅಧಿಕವಾಯಿತು. ದುರಾಚಾರದ ಫಲವಾಗಿ ಬಂದ ರೋಗಕ್ಕೆ ಚಿಕಿತ್ಸೆ ಪಡೆಯಲು 1847ರ ಮಾರ್ಚಿಯಲ್ಲಿ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಗೆಳೆಯರಿಲ್ಲ, ಸೇವಕರಿಲ್ಲ, ಗದ್ದಲವಿಲ್ಲ. ಆ ಏಕಾಂತದಲ್ಲಿ ತಮ್ಮ ಬಾಳು ಎತ್ತ ಹರಿಯುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಆ ದಿನವೇ ಲೇಖನಿ ಹಿಡಿದು ದಿನಚರಿಯನ್ನು ಆರಂಭಿಸಿದರು. ಪಶ್ಚಾತ್ತಾಪದ ಹಾಸಿಗೆಯಲ್ಲಿ ಹುಟ್ಟಿದ ಆ ಪುಸ್ತಕಕ್ಕೆ ಕೀರ್ತಿಯ ಆಸೆಯಾಗಲಿ ಓದುಗರ ನಿರೀಕ್ಷೆಯಾಗಲಿ ಇರಲಿಲ್ಲ.

ಪದವಿ ಪಡೆಯದೆಯೇ ಅವರು ಊರಿಗೆ ಮರಳಿದರು. ಬೇಗ ಏಳಬೇಕು, ಮಿತವಾಗಿ ಉಣ್ಣಬೇಕು, ನಿಶ್ಚಯಿಸಿದ್ದನ್ನು ಮಾಡಿಯೇ ತೀರಬೇಕು ಎಂದು ನಿಯಮಗಳ ದೊಡ್ಡ ಪಟ್ಟಿಯನ್ನೇ ಬರೆದುಕೊಂಡರು. ನಿಯಮ ಬರೆದಷ್ಟು ಸುಲಭವಾಗಿ ನಡೆಯಲಿಲ್ಲ. ಕೆಲವೇ ತಿಂಗಳಲ್ಲಿ ದಿನಚರಿ ನಿಂತುಹೋಯಿತು. ಮೂರು ವರ್ಷಗಳ ತರುವಾಯ, 1850ರಲ್ಲಿ, ಮತ್ತೆ ತೆರೆಯಿತು. ಮರುವರ್ಷ ಅವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅನುಸರಿಸಿದ್ದ ಕ್ರಮವೊಂದನ್ನು ಎತ್ತಿಕೊಂಡರು. ಫ್ರಾಂಕ್ಲಿನ್ 13 ಸದ್ಗುಣಗಳನ್ನು ಪಟ್ಟಿ ಮಾಡಿ, ಪುಟದಲ್ಲಿ ಗೆರೆ ಎಳೆದು, ದಿನದ ಕೊನೆಗೆ ಯಾವ ಗುಣದಲ್ಲಿ ತಪ್ಪಿದರೋ ಅದರ ಮುಂದೆ ಕಪ್ಪು ಚುಕ್ಕೆ ಇಡುತ್ತಿದ್ದರು. ಟಾಲ್‌ಸ್ಟಾಯ್ ಅದನ್ನು ತಮ್ಮ ದೌರ್ಬಲ್ಯಗಳ ಲೆಕ್ಕವಾಗಿ ಮಾರ್ಪಡಿಸಿಕೊಂಡರು. ಇಂದು ಸೋಮಾರಿತನ, ಇಂದು ಆತುರ, ಇಂದು ಒಣಜಂಭ, ಇಂದು ಸುಳ್ಳು ಎಂದು ದಿನದ ಒಂದೊಂದು ವರ್ತನೆಯ ಪಕ್ಕದಲ್ಲಿ ದೋಷದ ಹೆಸರನ್ನು ನೇರವಾಗಿ ಬರೆದರು. ಅತಿಚಾರಗಳನ್ನು ಹೆಸರು ಹಿಡಿದು ಎಣಿಸುವ ಪದ್ಧತಿಯನ್ನು ಬಲ್ಲ ಶ್ರಾವಕರಿಗೆ ಈ ಕ್ರಮದ ಮರ್ಮವನ್ನು ವಿವರಿಸಬೇಕಾಗಿಲ್ಲ. ಮಸುಕಾಗಿ ಪಟ್ಟ ಪಶ್ಚಾತ್ತಾಪ ಬೇಗನೆ ಆವಿಯಾಗುತ್ತದೆ. ಹೆಸರಿಟ್ಟು ಬರೆದ ದೋಷ ಮರುದಿನವೂ ಕಣ್ಣಮುಂದೆ ನಿಲ್ಲುತ್ತದೆ.

ಬರೆದ ಮಾತ್ರಕ್ಕೆ ಅವರು ಶುದ್ಧರಾದರೆಂದಲ್ಲ. 1851ರಲ್ಲಿ ಅಣ್ಣನೊಡನೆ ಕಾಕಸಸ್ ಪ್ರದೇಶಕ್ಕೆ ಹೋದರು, ಸೈನ್ಯ ಸೇರಿದರು, ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೊಲ್ ಕೋಟೆಯ ರಕ್ಷಣೆಯಲ್ಲಿ ನಿಂತರು. ಅಲ್ಲಿಯೂ ಜೂಜಾಡಿ ಅಪಾರ ಹಣವನ್ನು ಕಳೆದುಕೊಂಡರು. ಆ ಸೋಲುಗಳೆಲ್ಲ ದಿನಚರಿಯಲ್ಲಿ ದಾಖಲಾಗಿವೆ. ಆಡಬಾರದೆಂದು ಬರೆದ ಕೈಯೇ ಆಡಿದೆನೆಂದೂ ಬರೆಯಿತು. ಆದರೆ ಇದೇ ಅಭ್ಯಾಸದಿಂದ ಅವರಿಗೆ ಅನಿರೀಕ್ಷಿತವಾದ ಲಾಭವೊಂದು ಒದಗಿತು. ತಮ್ಮ ಮನಸ್ಸು ಯಾವ ಕ್ಷಣದಲ್ಲಿ, ಯಾವ ನೆಪ ಹೂಡಿ ಜಾರುತ್ತದೆ ಎಂಬುದನ್ನು ದಿನದಿನವೂ ನೋಡಿ ನೋಡಿ, ಮನುಷ್ಯಸ್ವಭಾವದ ಒಳಗುಟ್ಟು ಅವರಿಗೆ ಕರಗತವಾಯಿತು. 1852ರಲ್ಲಿ ಪ್ರಕಟವಾದ ಅವರ ಮೊದಲ ಕೃತಿ ಬಾಲ್ಯಜೀವನದ ಸೂಕ್ಷ್ಮ ಚಿತ್ರಣಕ್ಕಾಗಿ ಕೀರ್ತಿ ಪಡೆಯಿತು.

1862ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಅವರು 18 ವರ್ಷದ ಸೋಫಿಯಾ ಅವರನ್ನು ವರಿಸಿದರು. ವಿವಾಹಕ್ಕೆ ಮೊದಲು ತಮ್ಮ ಹಳೆಯ ದಿನಚರಿಗಳನ್ನೆಲ್ಲ ಆಕೆಯ ಕೈಗಿತ್ತರು. ಏನನ್ನೂ ಮುಚ್ಚಿಟ್ಟು ಗೃಹಸ್ಥಾಶ್ರಮವನ್ನು ಪ್ರವೇಶಿಸಬಾರದೆಂಬುದು ಅವರ ಉದ್ದೇಶ. ಆದರೆ ಏನೂ ಅರಿಯದ ತರುಣಿಯ ಮನಸ್ಸಿಗೆ ಆ ಪುಟಗಳು ಮಾಡಿದ ಗಾಯ ಜೀವಮಾನವೆಲ್ಲ ಮಾಯಲಿಲ್ಲ. ತನ್ನ ಹೊರೆಯನ್ನು ಇಳಿಸಿಕೊಳ್ಳಲು ಅದನ್ನು ಮತ್ತೊಬ್ಬರ ತಲೆಯ ಮೇಲೆ ಇಡುವುದು ಸತ್ಯವಿರಬಹುದು. ಅಹಿಂಸೆಯೇ ಎಂಬುದು ಬೇರೆ ಪ್ರಶ್ನೆ. ಆಲೋಚನೆಯನ್ನು ಯೋಗ್ಯ ಗುರುವಿನ ಮುಂದೆ ಮಾಡಬೇಕೆಂದು ಹಿರಿಯರು ವಿಧಿಸಿದುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಸಂಸಾರ ಬೆಳೆಯಿತು. ಸೋಫಿಯಾ 13 ಮಕ್ಕಳ ತಾಯಿಯಾದರು. ಪತಿಯ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟರು. ಯುದ್ಧ ಮತ್ತು ಶಾಂತಿ, ಆನಾ ಕರೆನಿನಾ ಎಂಬ ಮಹಾಕೃತಿಗಳು ಹೊರಬಂದವು. 1865ರಿಂದ 1878ರವರೆಗಿನ ಆ ಕೀರ್ತಿಯ ಕಾಲದಲ್ಲಿ ದಿನಚರಿ ಬಹುಮಟ್ಟಿಗೆ ಮೌನವಾಗಿತ್ತು. ಆಸ್ತಿ, ಆರೋಗ್ಯ, ಸಂತಾನ, ಯಶಸ್ಸು ಎಲ್ಲವೂ ಇದ್ದಾಗ್ಯೂ ಬದುಕು ಏತಕ್ಕೆ ಎಂಬ ಪ್ರಶ್ನೆ ಅವರನ್ನು ಆತ್ಮಹತ್ಯೆಯ ಅಂಚಿನವರೆಗೆ ತಳ್ಳಿತು. ಆ ಸಂಕಟದಲ್ಲಿ ಅವರು ಮತ್ತೆ ದಿನಚರಿಗೆ ಮರಳಿದರು. ತಮ್ಮ ಬಾಳಿನ ತಪ್ಪೊಪ್ಪಿಗೆಯನ್ನು ಪ್ರತ್ಯೇಕ ಗ್ರಂಥವಾಗಿಯೂ ಬರೆದರು.

ಇದರ ತರುವಾಯದ ದಶಕದಲ್ಲಿ ಬೇಟೆ, ಮದ್ಯ, ಮಾಂಸ, ತಂಬಾಕು ಒಂದೊಂದಾಗಿ ಅವರ ಬಾಳಿನಿಂದ ಕಳಚಿಬಿದ್ದವು. ತಾರುಣ್ಯದ ಪುಟಗಳಲ್ಲಿ ಮತ್ತೆ ಮತ್ತೆ ಸೋಲಾಗಿ ಕಾಣಿಸಿಕೊಂಡ ಇಂದ್ರಿಯನಿಗ್ರಹ ಮುಪ್ಪಿನಲ್ಲಿ ಕ್ರಮೇಣ ಕೈಗೂಡಿತು. 1891ರಲ್ಲಿ ಅವರು ತೂಲಾ ನಗರದ ಕಸಾಯಿಖಾನೆಗೆ ಸ್ವತಃ ಹೋಗಿ, ಅಲ್ಲಿ ನಡೆಯುವುದನ್ನು ಕಣ್ಣಾರೆ ಕಂಡರು. ಮರುವರ್ಷ ಪ್ರಕಟವಾದ ಮೊದಲ ಹೆಜ್ಜೆ ಎಂಬ ಲೇಖನದಲ್ಲಿ, ಸದ್ಗುಣಗಳಿಗೆ ಸೋಪಾನಕ್ರಮವುಂಟು, ಸಂಯಮವೇ ಅದರ ಮೊದಲ ಮೆಟ್ಟಿಲು, ನಾಲಿಗೆಯನ್ನು ಗೆಲ್ಲದವನು ಮೇಲಿನ ಮೆಟ್ಟಿಲುಗಳ ಮಾತಾಡುವುದು ವ್ಯರ್ಥ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ಉಪವಾಸವನ್ನು ಸದಾಚಾರಕ್ಕೆ ಅತ್ಯಗತ್ಯವೆಂದು ಎತ್ತಿಹಿಡಿದು, ಮಾಂಸತ್ಯಾಗವನ್ನು ಅದರ ಸಹಜ ಫಲವೆಂದು ತೋರಿಸಿದರು.

1895ರಲ್ಲಿ ಅವರು ದಿನಚರಿಯಲ್ಲಿಯೇ ತಮ್ಮ ಮರಣಾನಂತರದ ಇಚ್ಛೆಯನ್ನು ಬರೆದಿಟ್ಟರು. ಅವಿವಾಹಿತ ಕಾಲದ ದಿನಚರಿಗಳನ್ನು ಸುಟ್ಟುಬಿಡಬೇಕೆಂದು ಮೊದಲು ತೋರಿತು. ಹೀನವಾದುದನ್ನು ಜನರಿಂದ ಮರೆಮಾಡುವ ಆಸೆಯಿಂದಲ್ಲ. ಅಲ್ಲಿ ಪಾಪದ ಅರಿವು ಪೀಡಿಸಿದ ಗಳಿಗೆಗಳಷ್ಟೇ ಇದ್ದು ಚಿತ್ರ ಏಕಮುಖವಾಗುತ್ತದೆ ಎಂಬ ಕಾರಣದಿಂದ. ಆಮೇಲೆ ಮನಸ್ಸು ಬದಲಾಯಿತು. ಅಷ್ಟು ಕೆಳಗೆ ಬಿದ್ದವನನ್ನೂ ದೇವರು ಕೈಬಿಡಲಿಲ್ಲವೆಂಬುದಕ್ಕೆ ಅವೇ ಸಾಕ್ಷಿಯಾಗಲಿ ಎಂದುಕೊಂಡು, ಅವನ್ನು ಇದ್ದಂತೆಯೇ ಉಳಿಯಗೊಟ್ಟರು.

ವೃದ್ಧಾಪ್ಯದಲ್ಲಿ ದಿನಚರಿ ಅವರ ನಿತ್ಯವಿಧಿಯಾಯಿತು. ದಿನದ ಬರಹ ಮುಗಿದ ಮೇಲೆ ಅನೇಕ ವೇಳೆ ನಾಳೆಯ ತಾರೀಖನ್ನು ಮುಂಗಡವಾಗಿ ಬರೆದು, ಅದರ ಪಕ್ಕದಲ್ಲಿ ಬದುಕಿದ್ದರೆ ಎಂಬರ್ಥದ ಮೂರು ಅಕ್ಷರಗಳನ್ನು ಸೇರಿಸುತ್ತಿದ್ದರು. ಮರುದಿನ ಎಚ್ಚರವಾದರೆ ಆ ದಿನ ತಮಗೆ ದೊರೆತ ಹೊಸ ಅವಕಾಶ. ಅನಿತ್ಯಾನುಪ್ರೇಕ್ಷೆಯನ್ನು ಇಷ್ಟು ಸರಳವಾಗಿ ನಿತ್ಯಜೀವನಕ್ಕೆ ಇಳಿಸಿಕೊಂಡ ಗೃಹಸ್ಥರು ವಿರಳ. 1909ರಲ್ಲಿ ದಕ್ಷಿಣ ಆಫ್ರಿಕದ ಸತ್ಯಾಗ್ರಹಿ ಗಾಂಧಿಯವರ ಮೊದಲ ಪತ್ರ ಬಂದಾಗ, ಟ್ರಾನ್ಸ್‌ವಾಲಿನ ಹಿಂದೂ ಒಬ್ಬರಿಂದ ಹಿತವಾದ ಕಾಗದ ಬಂದ ಸಂಗತಿಯೂ ಅದೇ ಪುಸ್ತಕದಲ್ಲಿ ಸೇರಿತು. ಮರುವರ್ಷ ಜೋಹಾನ್ಸ್‌ಬರ್ಗಿನ ಸಮೀಪದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಸ್ಥಾಪಿತವಾಯಿತು.

ಕೊನೆಯ ವರ್ಷ ದುಃಖಮಯವಾದುದು. ಆ ಹೊತ್ತಿಗೆ ದಿನಚರಿ ಖಾಸಗಿ ವಸ್ತುವಾಗಿ ಉಳಿದಿರಲಿಲ್ಲ. ಶಿಷ್ಯರು ಅದನ್ನು ನಕಲು ಮಾಡುತ್ತಿದ್ದರು. ಮುಂದಿನ ಪೀಳಿಗೆ ತಮ್ಮನ್ನು ಆ ಪುಟಗಳಿಂದಲೇ ಅಳೆಯುವುದೆಂದು ಸೋಫಿಯಾ ತಲ್ಲಣಿಸಿದರು. ಪುಸ್ತಕಗಳು ಯಾರ ವಶದಲ್ಲಿರಬೇಕೆಂಬ ವಿವಾದ ಮನೆಯ ಶಾಂತಿಯನ್ನು ಕದಡಿತು. ಕಡೆಗೆ ಅವನ್ನು ತೂಲಾ ನಗರದ ಬ್ಯಾಂಕಿನಲ್ಲಿ ಇಡಬೇಕಾಯಿತು. 1910ರ ಜುಲೈ ಕೊನೆಯಲ್ಲಿ ಟಾಲ್‌ಸ್ಟಾಯ್ ತಮಗೊಬ್ಬರಿಗೇ ಮೀಸಲಾದ ಚಿಕ್ಕ ದಿನಚರಿಯೊಂದನ್ನು ಆರಂಭಿಸಿ ಬೂಟಿನೊಳಗೆ ಬಚ್ಚಿಟ್ಟುಕೊಂಡರು. ಅದೂ ಪತ್ನಿಯ ಕೈಗೆ ಸಿಕ್ಕಿತು. ಅಕ್ಟೋಬರ್ ಕೊನೆಯ ಒಂದು ರಾತ್ರಿ, ತಮ್ಮ ಕೋಣೆಯಲ್ಲಿ ಆಕೆ ಕಾಗದಗಳನ್ನು ಹುಡುಕುತ್ತಿದ್ದ ಸದ್ದಿಗೆ ಎಚ್ಚತ್ತ 82 ವರ್ಷದ ವೃದ್ಧರು, ವೈದ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಮನೆ ಬಿಟ್ಟು ಹೊರಟರು. ದಾರಿಯಲ್ಲಿ ಪುಪ್ಪುಸಜ್ವರ ತಗುಲಿತು. ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ, ನಿಲ್ದಾಣಾಧಿಕಾರಿಯ ಮನೆಯಲ್ಲಿ ಮಲಗಿದರು. ರಷ್ಯದ ಹಳೆಯ ಪಂಚಾಂಗದಂತೆ ನವೆಂಬರ್ 3ರಂದು ದಿನಚರಿಯಲ್ಲಿ ಕೊನೆಯ ಸಲ ಬರೆದರು; 7ರಂದು ದೇಹಬಿಟ್ಟರು.

ಅವರ ಸಮಗ್ರ ಕೃತಿಗಳ 90 ಸಂಪುಟಗಳಲ್ಲಿ 13 ಸಂಪುಟಗಳನ್ನು ಈ ದಿನಚರಿಗಳೇ ತುಂಬಿವೆ. ದಿನಚರಿ ಅವರನ್ನು ಕ್ರೋಧದಿಂದಾಗಲಿ ಗೃಹಕಲಹದಿಂದಾಗಲಿ ಪಾರುಮಾಡಲಿಲ್ಲ. ಬೇರೆಯವರ ಕಣ್ಣು ಬಿದ್ದಾಗಲೆಲ್ಲ ಅದು ಔಷಧವಾಗುವ ಬದಲು ಶಲ್ಯವಾಯಿತು. ಏಕಾಂತದಲ್ಲಿ ತಮ್ಮೆದುರು ತಾವೇ ಕುಳಿತು ಬರೆದಾಗಲೆಲ್ಲ ಅದು ಅವರನ್ನು ಒಂದು ಮೆಟ್ಟಿಲು ಮೇಲಕ್ಕೆ ಕರೆದೊಯ್ದಿತು. ನಿಯಮ ಮುರಿದ ದಿನ ಪುಸ್ತಕವನ್ನು ಮುಚ್ಚಿಡುವುದು ಸಹಜ. ಆ ದಿನವೇ ಅದನ್ನು ತೆರೆಯುವುದು ಸಾಧನೆ. ಮೂರು ವರ್ಷ ಬಿಟ್ಟರೂ, ಹದಿಮೂರು ವರ್ಷ ಬಿಟ್ಟರೂ, ಟಾಲ್‌ಸ್ಟಾಯ್ ಮರಳಿ ಬಂದು ತೆರೆದರು. ಸಂಜೆಯ ದೀಪದ ಬಳಿ, ಯಾರಿಗೂ ತೋರಿಸಲಲ್ಲದೆ, ಆ ದಿನದ ವ್ರತದ ಲೆಕ್ಕವನ್ನು ನಾಲ್ಕೇ ಸಾಲುಗಳಲ್ಲಿ ಸತ್ಯವಾಗಿ ಬರೆದಿಡುವ ಶ್ರಾವಕ ಶ್ರಾವಿಕೆಯರಿಗೆ ಅವರ ಬಾಳಿನ ಈ ಒಂದು ಅಂಶವು ಅನುಕರಣೀಯವಾಗಿದೆ.